ಗಂಧ ಹಚ್ಚಿದ ಜರ್ಮನ್ ನಿಘಂಟು

ನನ್ನ ನಾದಿನಿಯ ದನಿ ಹೋದದ್ದು ಒಂದೇ ದಿನದಲ್ಲಿ ಅಲ್ಲ. ಅವಳು ನಾವುಂದದ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಳು. ತೆಕ್ಕಟ್ಟೆಯ ನಮ್ಮ ಮನೆಯಿಂದ ಬೆಳಿಗ್ಗೆ ಕುಂದಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಬೈಂದೂರಿಗೆ ಹೋಗುವ ಇನ್ನೊಂದು ಬಸ್ಸು. ಮೊದಲು ಗಂಟಲು ಕಟ್ಟಿತು. ಮಳೆಗಾಲದ ಶೀತ ಎಂದುಕೊಂಡೆವು. ಕಾಳುಮೆಣಸಿನ ಕಷಾಯ, ಜೇನು, ಉಪ್ಪುನೀರು, ದೇವರಿಗೆ ಹರಕೆ ಎಲ್ಲ ಆಯಿತು. ಕೊನೆಗೆ ದೊಡ್ಡ ಡಾಕ್ಟರು ನೋಡಿ, ದನಿಯ ನರ ಸೋತುಹೋಗಿದೆ, ಇನ್ನು ಪಿಸುಮಾತಿಗಿಂತ ಹೆಚ್ಚು ಏಳಲಿಕ್ಕಿಲ್ಲ ಎಂದರು. ಕೆಟ್ಟ ಕಾಯಿಲೆ ಅಲ್ಲ ಎಂದೂ ಹೇಳಿದರಲ್ಲ, ಆ ಒಂದು ಮಾತನ್ನು ನಾನು ಬಸ್ಸಿನಲ್ಲಿ ಮನೆತನಕ ಗಟ್ಟಿಯಾಗಿ ಹಿಡಿದುಕೊಂಡು ಬಂದೆ. ಹೋದದ್ದನ್ನು ಎಣಿಸುವ ಮೊದಲು ದೇವರು ಉಳಿಸಿಕೊಟ್ಟದ್ದನ್ನು ಎಣಿಸುವುದು ನನ್ನ ಅಭ್ಯಾಸ.

ಆದರೆ ಅವಳಿಗೆ ಆಗ ಎಣಿಸಲು ಏನೂ ಇರಲಿಲ್ಲ. ಪಿಸುಮಾತಿನಲ್ಲಿ ಪಾಠ ಮಾಡಿದರೆ ಮೊದಲ ಬೆಂಚಿಗೂ ಕೇಳದು. ಯಾರೂ ಹೇಳುವ ಮೊದಲೇ ತಾನಾಗಿ ಕೆಲಸ ಬಿಟ್ಟಳು. ಮದುವೆ ಆಗಿರಲಿಲ್ಲ. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ ಮತ್ತು ಅವಳು. ತರಕಾರಿ ಹೆಚ್ಚಿಕೊಡುವಳು, ಹೂ ಕಟ್ಟುವಳು, ಮತ್ತೆ ಕಿಟಕಿಯ ಹತ್ತಿರ ಕೂತು ಹೈವೇಯ ಬಸ್ಸು ನೋಡುವಳು. ಅಷ್ಟೇ.

ನನ್ನ ಗಂಡ ಬಸ್ಸಿನ ಕಂಡಕ್ಟರು. ಕುಂದಾಪುರದಿಂದ ಬ್ರಹ್ಮಾವರದ ಮೇಲೆ ಬಾರ್ಕೂರಿಗೆ ಹೋಗಿಬರುವ ಬಸ್ಸು ಅವರದು. ಆ ಬಸ್ಸಿಗೆ ದಿನಾ ಬರುವ ಪರಿಚಯದವರಲ್ಲಿ ಬ್ರಹ್ಮಾವರದ ಒಬ್ಬರು ವಯಸ್ಸಾದ ನರ್ಸಮ್ಮ ಇದ್ದರು. ಜರ್ಮನಿಯಲ್ಲಿ ವರ್ಷಗಟ್ಟಲೆ ದುಡಿದು, ರಿಟೈರ್ ಆಗಿ ಊರಿಗೆ ಬಂದವರು. ತಂಗಿಯ ವಿಷಯ ಕೇಳಿ ಅವರೇ ಕರೆದರಂತೆ: "ಆ ಹುಡ್ಗಿನ ನನ್ ಹತ್ರ ಕಳ್ಸ್. ಗಂಟ್ಲಿಗೆ ರಜೆ, ಕೈಗೆ ಕೆಲ್ಸ. ಜರ್ಮನ್ ಕಲಿಸ್ತೇನೆ." ನನ್ನ ಗಂಡ ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ, "ಕನ್ನಡ ಮಾತಾಡೂಕೇ ದನಿ ಇಲ್ಲೆ, ಜರ್ಮನ್ ಎಂತಕೆ ಮಾರಾಯ?" ಎಂದರು. ನಾದಿನಿ ಮಾತ್ರ ಮರುದಿನವೇ ಸೀರೆ ಉಟ್ಟು ಹೊರಟಳು. ಎರಡು ವರ್ಷಕ್ಕೂ ಮೇಲೆ ಅಣ್ಣನ ಬಸ್ಸಿನಲ್ಲೇ ಹೋಗಿ ಬಂದು ಕಲಿತಳು. ನರ್ಸಮ್ಮನ ಋಣವನ್ನು ನಮ್ಮ ಮನೆಯವರು ಯಾವ ಜನ್ಮದಲ್ಲಿ ತೀರಿಸುತ್ತೇವೋ ಗೊತ್ತಿಲ್ಲ.

ಒಂದು ನವರಾತ್ರಿಯ ಮೊದಲು ನರ್ಸಮ್ಮ ಒಂದು ಸುದ್ದಿ ತಂದರು. ಮಂಗಳೂರಿನಲ್ಲಿ ಅನುವಾದ ಮಾಡಿಸುವ ಒಂದು ಕಚೇರಿ ಇದೆ. ಜರ್ಮನ್ ಕಾಗದಗಳನ್ನು ಇಂಗ್ಲಿಷಿಗೆ ಮಾಡಿಕೊಡುವವರು ಬೇಕು. ಮನೆಯಲ್ಲೇ ಕೂತು ಮಾಡಬಹುದು. ಮೊದಲು ಕೆಲವು ಪುಟ ಪರೀಕ್ಷೆಗೆ ಕೊಡುತ್ತಾರೆ. ಅವು ಸರಿ ಕಂಡರೆ ಕಾಯಂ ಕೆಲಸ. ವಿಜಯದಶಮಿಯ ಮರುದಿನ ಪುಟಗಳು ಮಂಗಳೂರಿಗೆ ಮುಟ್ಟಬೇಕು.

ಬಂದ ಪುಟಗಳು ಬಟ್ಟೆ ಒಗೆಯುವ ಯಂತ್ರದ ಕೈಪಿಡಿ. ನಮ್ಮ ಮನೆಯಲ್ಲಿ ಆಗ ಬಾವಿಕಟ್ಟೆಯ ಹತ್ತಿರ ಒಗೆಯುವ ಕಲ್ಲು ಬಿಟ್ಟರೆ ಬೇರೆ ಯಂತ್ರ ಇರಲಿಲ್ಲ. ಆ ಯಂತ್ರ ನನ್ನ ಎರಡು ಕೈಗಳೇ.

ನಾದಿನಿಯ ಹತ್ತಿರ ಇದ್ದದ್ದು ನರ್ಸಮ್ಮ ಕೊಟ್ಟ, ಅಂಗೈಯಗಲದ ಹಳೆಯ ನಿಘಂಟು. ಆಸ್ಪತ್ರೆಯ ಮಾತಿಗೆ ಸಾಕು, ಯಂತ್ರದ ಮಾತಿಗೆ ಸಾಲದು. ದೊಡ್ಡದು ಬೇಕು ಎಂದು ನರ್ಸಮ್ಮನೂ ಹೇಳಿದರು. ಈಗಾದರೆ ಎಲ್ಲ ಫೋನಿನಲ್ಲೇ ಸಿಗುತ್ತದೆ ಎಂದು ಆಮೇಲೆ ಹುಟ್ಟಿದ ನನ್ನ ಮಕ್ಕಳು ನಗುತ್ತಾರೆ. ಆಗ ಉಡುಪಿಯ ಪುಸ್ತಕದಂಗಡಿಗೆ ಹೇಳಿ, ಅವರು ಎಲ್ಲಿಂದಲೋ ತರಿಸಬೇಕು. ಅಂಗಡಿಯವರು ಒಳ್ಳೆಯವರು. ಎರಡು ತರಹದ್ದು ತರಿಸಿ, ಬ್ರಹ್ಮಾವರಕ್ಕೆ ಬರುವ ಬಸ್ಸಿನಲ್ಲಿ ಕಟ್ಟು ಇಟ್ಟು, "ನೋಡಿ, ಯಾವುದು ಬೇಕೋ ಇಟ್ಟುಕೊಳ್ಳಿ, ಇನ್ನೊಂದನ್ನು ಹಬ್ಬ ಮುಗಿದ ಮೇಲೆ ಇದೇ ಬಸ್ಸಿನಲ್ಲಿ ವಾಪಸ್ ಕಳಿಸಿ" ಎಂದು ಹೇಳಿಕಳಿಸಿದರು. ಬಾಳೆಗೊನೆ, ಮಲ್ಲಿಗೆಯ ಅಟ್ಟಿ, ಔಷಧ ಎಲ್ಲ ಬರುವ ಹಾಗೆಯೇ ಜರ್ಮನ್ ಭಾಷೆಯೂ ನಮ್ಮ ಮನೆಗೆ ಬಸ್ಸಿನಲ್ಲೇ ಬಂತು.

ಒಂದು ನೀಲಿ, ಒಂದು ಕೆಂಪು. ಎರಡನ್ನೂ ಚಾವಡಿಯ ಚಾಪೆಯ ಮೇಲೆ ಇಟ್ಟು ನಾವು ಸುತ್ತ ಕೂತೆವು, ಹೆಣ್ಣು ನೋಡಲು ಹೋದವರ ಹಾಗೆ.

ನನ್ನ ಗಂಡ ನೀಲಿಯನ್ನು ಎರಡೂ ಕೈಯಲ್ಲಿ ಎತ್ತಿ ತೂಗಿದರು. "ಇದೇ ಇರ್ಲಿ. ಕಾಣ್, ಎಷ್ಟ್ ದಪ್ಪ! ಇದ್ರಗೆ ಶಬ್ದ ಜಾಸ್ತಿ ಇತ್ತ್."

"ನಿಮ್ಗೆ ಬಸ್ಸಿಗ್ ಜನ ತುಂಬ್ಸಿ ತುಂಬ್ಸಿ ಅಭ್ಯಾಸ," ಎಂದೆ ನಾನು.

ನಾದಿನಿ ನಗುತ್ತಾ ಒಂದು ಚೀಟಿ ತೆಗೆದಳು. ಕೈಪಿಡಿಯಲ್ಲಿ ಇದ್ದು ಸಣ್ಣ ನಿಘಂಟಿನಲ್ಲಿ ಸಿಗದ ಶಬ್ದಗಳನ್ನು ಬರೆದುಕೊಂಡಿದ್ದಳು. ಒಂದೊಂದೇ ಶಬ್ದವನ್ನು ಎರಡರಲ್ಲೂ ಹುಡುಕಿದಳು. ನೀಲಿಯಲ್ಲಿ ಎಲ್ಲವೂ ಸಿಕ್ಕಿದವು. ಕೆಂಪಿನಲ್ಲಿ ಒಂದು ಸಿಗಲಿಲ್ಲ. "ಕಂಡ್ಯಾ?" ಎಂದು ನನ್ನ ಗಂಡ ಮೀಸೆ ತಿರುವಿದರು. ನಾದಿನಿ ಮಾತ್ರ ಕೆಂಪನ್ನು ಬಿಡಲಿಲ್ಲ. ತೆರೆದು ನೆಲದ ಮೇಲಿಟ್ಟಳು. ಅದು ತೆರೆದ ಹಾಗೇ ಅಂಗಾತ ಮಲಗಿತು. ನೀಲಿ ಪಟ್ಟನೆ ಮುಚ್ಚಿಕೊಂಡಿತು. ಒಂದು ಕೈಯಲ್ಲಿ ಬರೆಯುವವರಿಗೆ ಇದು ಸಣ್ಣ ವಿಷಯ ಅಲ್ಲ. ಆದರೆ ಅವಳ ಕಾರಣ ಬೇರೆಯೇ ಇತ್ತು. ನಾವೆಲ್ಲ ಹತ್ತಿರ ಬಗ್ಗಿದೆವು, ಅವಳ ಮಾತು ಕೇಳಬೇಕೆಂದರೆ ಹಾಗೆ ಬಗ್ಗಲೇಬೇಕು.

"ನಾವ್ ಪಾತ್ರಿ ಬೆಳಗ್ತ್, ಬಟ್ಟಿ ಒಗೀತ್, ಕೈ ತೊಳೀತ್, ಮಗೂನ ಮೀಸ್ತ್. ಹೊರ್ಗಿನರಿಗೆ ಇದೆಲ್ಲ ಒಂದೇ ಅಲ್ದಾ? ನೀಲಿ ಎಂತ ಮಾಡತ್ತ್ ಅಂದ್ರೆ, ನಾಲ್ಕೂ ಶಬ್ದ ಸಾಲಗ್ ನಿಲ್ಸತ್ತ್, ಯಾವ್ದ್ ಎಲ್ಲಿಗ್ ಅಂದ್ ಹೇಳೂದಿಲ್ಲೆ. ಕೆಂಪು ಪ್ರತಿಯೊಂದ್ರ ಎದ್ರಿಗೂ ಬರೀತ್ತ್, ಇದ್ ಬಟ್ಟಿಗೆ, ಇದ್ ಪಾತ್ರಿಗೆ, ಇದ್ ಮಗುಗೆ ಅಂದ್ ಹೇಳಿ."

ಅತ್ತೆ ಹೂ ಕಟ್ಟುವುದನ್ನು ನಿಲ್ಲಿಸಿ, "ಹಂಗಾರೆ ನೀಲಿ ಕಂಡ್ಕಂಡ್ ಬರ್ದ್ರೆ, ಮಗೂನ ಕಲ್ಲಿಗ್ ಬಡ್ದ್ ಒಗ್ದ್ ಹಾಕ್ದೆ ಅಂದ್ ಆಪ್ದಾ?" ಎಂದರು.

ನಾವೆಲ್ಲ ನಕ್ಕೆವು. ನಾದಿನಿಯ ನಗೆಗೆ ದನಿ ಇರಲಿಲ್ಲ, ಹೆಗಲು ಮಾತ್ರ ಕುಣಿಯಿತು. ಆ ಸಂಜೆ ಕೆಂಪು ನಿಘಂಟು ನಮ್ಮ ಮನೆಯದಾಯಿತು. "ಇದೇ ನಂದ್ ಅಮ್ಮ," ಎಂದು ಅವಳು ಅದನ್ನು ಅತ್ತೆಯ ಮಡಿಲಲ್ಲಿ ಇಟ್ಟಳು. ಅತ್ತೆ ಕಣ್ಣಿಗೊತ್ತಿಕೊಂಡರು.

ಮರುದಿನ ನಾದಿನಿ ಮೊದಲ ಪುಟಗಳನ್ನು ತೋರಿಸಲು ಬ್ರಹ್ಮಾವರಕ್ಕೆ ಹೋದಳು. ನಾನು ಹಬ್ಬದ ಹಣ್ಣುಕಾಯಿಗೆಂದು ಕುಂದಾಪುರ ಪೇಟೆಗೆ ಹೋದೆ. ಅಂದು ಮೂಲಾ ನಕ್ಷತ್ರ, ಮನೆಯಲ್ಲಿ ಸರಸ್ವತಿಯನ್ನು ಕೂರಿಸುವ ದಿನ. ಅತ್ತೆ ಪ್ರತಿವರ್ಷದ ಹಾಗೆ ಪೀಠ ಹಾಕಿ, ರೇಷ್ಮೆಯ ಪಟ್ಟೆ ಹಾಸಿ, ಮನೆಯ ಪುಸ್ತಕಗಳನ್ನು ಇಟ್ಟರು. ಮನೆಗೆ ಹೊಸದು ಬಂದರೆ ಮೊದಲು ದೇವರಿಗೆ ಎಂಬುದು ಅವರ ಕ್ರಮ. ಎಲ್ಲಕ್ಕಿಂತ ಹೊಸದು, ಮಗಳು "ಇದೇ ನಂದು" ಎಂದ ಕೆಂಪು ನಿಘಂಟು. ಅದನ್ನೇ ಮೇಲಿಟ್ಟು, ರಟ್ಟಿಗೆ ಗಂಧ ಹಚ್ಚಿ, ಕುಂಕುಮ ಇಟ್ಟು, ಸೇವಂತಿಗೆ ಏರಿಸಿ ಪೂಜೆ ಮುಗಿಸಿದರು. ಹೀಗೆ ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ತನಕ ಯಾರೂ ಎತ್ತುವಂತಿಲ್ಲ, ಓದುವಂತಿಲ್ಲ. ನಮ್ಮ ಕಡೆ ಮಕ್ಕಳಿಗೆಲ್ಲ ಇದರಷ್ಟು ಪ್ರೀತಿಯ ವ್ರತ ಬೇರೆ ಇಲ್ಲ.

ಸಂಜೆ ನಾದಿನಿ ಬಂದು ಚಾವಡಿಯಲ್ಲಿ ಹುಡುಕಿದಳು, ಕಪಾಟಿನಲ್ಲಿ ಹುಡುಕಿದಳು.

"ಅಮ್ಮ, ಕೆಂಪು ಪುಸ್ತ್ಕ ಎಲ್ಲಿ?"

"ದೇವ್ರ್ ಹತ್ರ ಇತ್ತ್. ಎಂತಕೆ ಹೆದ್ರ್ತೆ? ನಿನ್ಕಿಂತ ಸುಖದಗೆ ಇತ್ತ್."

"ನಂಗ್ ಬೇಕಲೆ!"

"ದಶಮಿ ಬೆಳಿಗ್ಗೆ ತೆಗ್ದ್ ಕೊಡ್ತೆ. ಪೂಜಿಗ್ ಇಟ್ಟದ್ನ ಮಧ್ಯದಗೆ ಎಬ್ಬೂಕಿಲ್ಲೆ. ನೀನ್ ಟೀಚರ್ ಆಯಿದ್ದಳ್, ನಿಂಗ್ ಗೊತ್ತಿಲ್ಯಾ?"

"ದಶಮಿ ಮರ್ದಿನ ಮಂಗ್ಳೂರಿಗ್ ಮುಟ್ಕ್ ಅಮ್ಮ!" ಅವಳು ಕೂಗುವ ಹಾಗೆ ಬಾಯಿ ತೆರೆದಳು. ಬಂದದ್ದು ಗಾಳಿ ಮಾತ್ರ. ದನಿ ಇಲ್ಲದವರ ಸಿಟ್ಟು ನೋಡುವುದು ಕಷ್ಟ.

ಅಷ್ಟರಲ್ಲಿ ಬಸ್ಸು ಬಿಟ್ಟು ಬಂದ ನನ್ನ ಗಂಡ ತಂಗಿಯ ಪರ ನಿಂತರು. "ಅಮ್ಮ, ಬಸ್ಸಿಗೂ ಪೂಜಿ ಮಾಡ್ತ್ರ್. ಮಾಡ್ದ್ ಮೇಲೆ ಓಡ್ಸೂದಿಲ್ಯಾ?"

"ಆಯುಧ ಪೂಜಿ ದಿನ ನೀ ಬಸ್ಸ್ ನಿಲ್ಸಿ ಪಂಚಕಜ್ಜಾಯ ತಿಂದ್ಕಂಡ್ ಕೂಕಂತ್ಯಲೆ, ಅದ್ ಹೇಳ್ ಮೊದ್ಲ್."

ಅವರು ಲುಂಗಿ ಕಟ್ಟಿಕೊಂಡು ಬಾವಿಕಟ್ಟೆಗೆ ಹೋದರು.

"ನೀಲಿ ಇತ್ತಲೆ, ಅದ್ರಗೆ ಮಾಡ್," ಎಂದರು ಅತ್ತೆ, ಸ್ವಲ್ಪ ಮೆತ್ತಗಾಗಿ. "ಓದೂಕಿಲ್ಲೆ ಅಂದ್ ನಿಜ. ಆದ್ರೆ ನಿಂದ್ ಓದೂದಲ್ಲ, ಕೆಲ್ಸ. ಹಬ್ಬ ಅಂದ್ ಹೇಳಿ ನಾವ್ ಅನ್ನ ಬೇಯ್ಸೂದ್ ಬಿಡ್ತ್ವಾ?"

"ನೀಲಿ ಮಗೂನ ಒಗೀತ್ತ್," ಎಂದು ಪಿಸುಗುಟ್ಟಿ ನಾದಿನಿ ಒಳಗೆ ಹೋದಳು.

ಮರುದಿನ ಇಡೀ ಅವಳು ನೀಲಿಯ ಜೊತೆ ಗುದ್ದಾಡಿದಳು. ಒಂದು ಶಬ್ದ ತೆಗೆದರೆ ಒಂದು ಸಾಲು ಅರ್ಥ. ಬರೆಯುವುದು, ಹೊಡೆದುಹಾಕುವುದು. ನಾನು ಬಟ್ಟೆ ಒಗೆಯುತ್ತಿದ್ದಾಗ ಕಲ್ಲಿನ ಹತ್ತಿರ ಬಂದು ನಿಂತಳು.

"ಅತ್ಗಿ, ನೆನೆ ಹಾಕೂದ್, ಜಾಲ್ಸೂದ್, ಹಿಂಡೂದ್, ಒಂದೊಂದೇ ಮಾಡಿ ಕಾಣ್ಸ್."

ನಾನು ಒಂದೊಂದೇ ಮಾಡಿ ತೋರಿಸಿದೆ. ಅವಳು ನೋಡುತ್ತಾ ನಿಂತಳು. ಮಾಡುವುದು ಕಾಣುತ್ತಿತ್ತು, ಅದಕ್ಕೆ ಹೊಂದುವ ಇಂಗ್ಲಿಷ್ ಶಬ್ದ ಯಾವುದು ಎಂದು ನೀಲಿ ಹೇಳುತ್ತಿರಲಿಲ್ಲ, ನನಗೆ ಹೇಳಲು ಬರುತ್ತಿರಲಿಲ್ಲ. ಕೊನೆಗೆ ಒದ್ದೆ ಸೀರೆಯ ಒಂದು ತುದಿ ಹಿಡಿದು ಹಿಂಡಲು ಸಹಾಯ ಮಾಡುತ್ತಾ ಹೇಳಿದಳು: "ಇದ್ ಹೋದ್ರೆ ನಂಗ್ ಇನ್ನೊಂದ್ ಇಲ್ಲೆ ಅತ್ಗಿ. ಬಾಯಿ ಇಲ್ದಿರ್ ಮಾಡೂ ಕೆಲ್ಸ ಬೇರೆ ಯಾವ್ದ್ ಇತ್ತ್, ಹೇಳ್."

ನನಗೆ ಅತ್ತೆ ಹೇಳಿದ್ದೂ ಸರಿ ಅನಿಸುತ್ತಿತ್ತು, ಇವಳು ಹೇಳುವುದೂ ಸರಿ ಅನಿಸುತ್ತಿತ್ತು. ಅತ್ತೆ ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ. ಮಗಳಿಗೆ ಒಳ್ಳೆಯದಾಗಲಿ ಎಂದೇ ಗಂಧ ಹಚ್ಚಿದ್ದು. ಸಂಜೆ ದೀಪ ಹಚ್ಚಿ ಕೈಮುಗಿದು, "ಅಮ್ಮಾ, ನಿನ್ನ ಎದುರಿಗೆ ಇರುವ ಪುಸ್ತಕ ನಿನಗೆ ಓದಲು ಬೇಕೋ, ಅವಳಿಗೆ ಬೇಕೋ, ನೀನೇ ಒಂದು ದಾರಿ ಮಾಡು" ಎಂದು ಕೇಳಿಕೊಂಡೆ. ಅದಕ್ಕಿಂತ ಹೆಚ್ಚು ನನಗೇನೂ ಹೊಳೆಯಲಿಲ್ಲ.

ದಾರಿ ಹೊಳೆದದ್ದು ಅತ್ತೆಗೇ. ನವರಾತ್ರಿಯಲ್ಲಿ ಅವರು ದಿನಾ ಬೆಳಿಗ್ಗೆ ಮಿಂದು, ದೇವಿಯ ಎದುರು ಕೂತು, ದೇವಿಯ ಕಥೆಯ ಪುಸ್ತಕವನ್ನು ಪಾರಾಯಣ ಮಾಡುತ್ತಾರೆ. ಮರುದಿನ ಬೆಳಿಗ್ಗೆ ನಾನು ನೈವೇದ್ಯಕ್ಕೆ ಪಾಯಸ ಕದಡುತ್ತಿದ್ದೆ. ಒಳಗಿನಿಂದ ಕೇಳುತ್ತಿದ್ದ ರಾಗ ನಡುವೆ ನಿಂತುಹೋಯಿತು. ಬಗ್ಗಿ ನೋಡಿದರೆ ಅತ್ತೆ ಕನ್ನಡಕ ಹಣೆಗೇರಿಸಿಕೊಂಡು, ಒಮ್ಮೆ ತಮ್ಮ ಎದುರಿನ ಪುಸ್ತಕ, ಒಮ್ಮೆ ಪಕ್ಕದ ಕೆಂಪು ನಿಘಂಟು ನೋಡುತ್ತಿದ್ದಾರೆ. ಎರಡಕ್ಕೂ ಒಂದೇ ಗಂಧ, ಒಂದೇ ಕುಂಕುಮ. ಎರಡೂ ಪೂಜೆಗೆ ಇಟ್ಟವೇ. ಒಂದನ್ನು ಅವರು ದಿನಾ ಓದುತ್ತಿದ್ದಾರೆ!

"ಹ್ವಾಯ್, ಹೆಣ್ಣೆ!" ಎಂದು ಕರೆದರು. "ಮಿಂದ್ಕಂಡ್ ಬಾ, ಬೇಗ."

ನಾದಿನಿ ತಲೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೇ ಬಂದಳು.

"ಪೂಜಿಗ್ ಇಟ್ಟ್ ಪುಸ್ತ್ಕ ಎಬ್ಬೂಕಿಲ್ಲೆ. ಆದ್ರೆ ಪಾರಾಯಣಕ್ಕ್ ಅಡ್ಡಿ ಇಲ್ಲೆ. ಇಲ್ಲೇ ಮಣೆ ಮೇಲ್ ಕೂಕೋ. ಪೀಠದ್ ಮೇಲೇ ಬಿಡ್ಸ್. ಬರೀ ಕಣ್ಣಗ್ ಓದೂದಲ್ಲ, ಬಾಯಗ್ ಹೇಳ್ಕ್. ಮುಗ್ದ್ ಮೇಲೆ ಮಂಗಳಾರತಿ."

ನಾದಿನಿ ಸುಮ್ಮನೆ ಗಂಟಲು ಮುಟ್ಟಿ ತೋರಿಸಿದಳು.

"ನಂಗ್ ಕೇಣ್ದಿದ್ರೆ ಎಂತ ಆಯ್ತ್?" ಎಂದರು ಅತ್ತೆ. "ಅವ್ಳಿಗ್ ಕೇಣತ್ತ್."

ಆ ಮಾತಿಗೆ ನನ್ನ ಕಣ್ಣು ತುಂಬಿತು. ಒಲೆಯ ಹೊಗೆ ಎಂದು ಸೆರಗಿನಲ್ಲಿ ಒರೆಸಿಕೊಂಡೆ.

ಹಾಗೆ ನಮ್ಮ ತೆಕ್ಕಟ್ಟೆಯ ಮನೆಯ ದೇವರ ಕೋಣೆಯಲ್ಲಿ ಜರ್ಮನ್ ಪಾರಾಯಣ ಶುರುವಾಯಿತು. ಪೂಜೆಯ ಜಾಗದಲ್ಲಿ ಬರೆಯಬಾರದು ಎಂದು ಅತ್ತೆ ಹೇಳಿದ್ದರಿಂದ ನಾನು ಹೊಸಿಲಿನ ಹೊರಗೆ ಕಾಗದ ಹಿಡಿದು ಕೂತೆ. ಅವಳು ಜರ್ಮನ್ ಶಬ್ದ ಪಿಸುಗುಟ್ಟುವಳು, ಪುಟ ತಿರುವುವಳು, ಬೆರಳಿಟ್ಟು ಓದಿ, ಸರಿಯಾದ ಇಂಗ್ಲಿಷ್ ಶಬ್ದವನ್ನು ಅಕ್ಷರ ಅಕ್ಷರವಾಗಿ ನನಗೆ ಹೇಳುವಳು. ಎಸ್ಸೆಸ್ಸೆಲ್ಸಿಯ ನಂತರ ನಾನು ಅಷ್ಟು ಇಂಗ್ಲಿಷ್ ಬರೆದದ್ದು ಅದೇ ಮೊದಲು. ಪುಟ ತಿರುವಿದಾಗಲೆಲ್ಲ ಅತ್ತೆ ಕೈಮುಗಿಯುತ್ತಿದ್ದರು. ಒಮ್ಮೆ ಒಂದು ಉದ್ದದ ಶಬ್ದ ಬಂತು. ನಾದಿನಿ ಅದನ್ನು ಮೂರು ಸಲ ಬಿಡಿಸಿ ಹೇಳಿದಳು. ಅತ್ತೆಗೆ ಅದು ಬಹಳ ದೊಡ್ಡ ಮಂತ್ರದ ಹಾಗೆ ಕೇಳಿರಬೇಕು.

"ಇದ್ರ್ ಅರ್ಥ ಎಂತ?"

"ಸೋಪಿನ್ ಪುಡಿ ಹಾಕು ಡಬ್ಬಿ."

ಅತ್ತೆ ದೇವಿಯ ಪಟದ ಕಡೆ ನೋಡಿದರು. "ಅಡ್ಡಿಲ್ಲೆ," ಎಂದರು. "ಓದ್."

ಬೆಳಿಗ್ಗೆಯೂ ಸಂಜೆಯೂ ಪಾರಾಯಣದ ಕೊನೆಗೆ ಕರ್ಪೂರ ಹಚ್ಚುವಾಗ ಮಾತ್ರ ನಾದಿನಿ ತಟ್ಟೆಯನ್ನು ಕೈಯಿಂದ ಆಚೆ ಸರಿಸುತ್ತಿದ್ದಳು, ಪುಸ್ತಕದ ಹಾಳೆ ಅಷ್ಟು ತೆಳು. ಆರತಿ ಮುಗಿದ ಮೇಲೆ ನಾನು ಬರೆದ ಕಾಗದ ಹಿಡಿದು ಚಾವಡಿಗೆ ಓಡುವಳು, ಆ ಶಬ್ದಗಳನ್ನು ಪುಟಗಳಲ್ಲಿ ಕೂರಿಸುವಳು. ನೀಲಿಯಲ್ಲಿ ಮಾತ್ರ ಸಿಗುವ ಆ ಒಂದು ಶಬ್ದವನ್ನು ನೀಲಿಯಿಂದಲೇ ತೆಗೆದುಕೊಂಡಳು. ಅದಕ್ಕೂ ಒಂದು ನಮಸ್ಕಾರ. ವಿಜಯದಶಮಿಯ ಬೆಳಿಗ್ಗೆ ಅತ್ತೆ ಪುಸ್ತಕ ಎತ್ತಿ ಮಗಳ ಕೈಗೆ ಕೊಟ್ಟಾಗ ಉಳಿದದ್ದು ಕೊನೆಯ ಎರಡು ಪುಟ ಮಾತ್ರ. ಮರುದಿನ ನಸುಕಿಗೇ ನನ್ನ ಗಂಡ ಪುಟಗಳ ಲಕೋಟೆಯನ್ನು ಮಂಗಳೂರು ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು, ನೀಲಿಯನ್ನು ಉಡುಪಿಯ ಬಸ್ಸಿಗೆ ಹತ್ತಿಸಿ ಬಂದರು.

ಮತ್ತೆ ಕಾಯುವುದು. ದೀಪಾವಳಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಮನೆಯ ಫೋನು ಬಡಿಯಿತು. ನಾದಿನಿಯೇ ಎತ್ತಿದಳು. ಅವಳ ಮುಖ ನೋಡಿಯೇ ಮಂಗಳೂರಿನದ್ದು ಎಂದು ಗೊತ್ತಾಯಿತು. ಅವಳು ಏನೋ ಹೇಳಿದಳು. ಆ ಕಡೆಯಿಂದ "ಹಲೋ, ಹಲೋ, ಲೈನ್ ಸರಿ ಇಲ್ಲ" ಎಂದು ಕೇಳಿ ಫೋನು ನಿಂತಿತು. ಅವಳು ರಿಸೀವರ್ ಹಿಡಿದುಕೊಂಡೇ ನಿಂತಿದ್ದಳು. ನಾನೇ ಅವಳ ಕೈಯಿಂದ ಬಿಡಿಸಿ ಇಟ್ಟೆ.

ಮತ್ತೆ ಬಡಿಯಿತು. ಈ ಸಲ ನಾನು ಎತ್ತಿದೆ. ನನಗೆ ಹೀಗೆ ಕಚೇರಿಯವರ ಹತ್ತಿರ ಮಾತಾಡಿ ಗೊತ್ತಿಲ್ಲ. ದೇವರನ್ನು ನೆನೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ಲೈನ್ ಸರಿ ಇದೆ ಸರ್. ನನ್ನ ನಾದಿನಿಗೆ ದನಿ ಇಲ್ಲ. ನೀವು ಹೇಳಿದ್ದು ಅವಳಿಗೆ ಕೇಳುತ್ತದೆ. ಅವಳು ಹೇಳಿದ್ದನ್ನು ನಾನು ಹೇಳುತ್ತೇನೆ."

ಆ ಕಡೆ ಕಾಗದ ತಿರುವುವ ಸದ್ದು. ಇಷ್ಟು ದೂರ ತಂದು ದೇವರು ಇಲ್ಲಿ ಕೈಬಿಡುತ್ತಾನಾ ಎಂದುಕೊಳ್ಳುತ್ತಾ ರಿಸೀವರನ್ನು ಇಬ್ಬರ ಕಿವಿಗೂ ಸಿಗುವ ಹಾಗೆ ಹಿಡಿದೆ. ಮತ್ತೆ ಅವರು ನಿಧಾನಕ್ಕೆ ಕೇಳಿದರು: ನೆನೆಹಾಕುವುದು, ಜಾಲಿಸುವುದು, ಹಿಂಡುವುದು, ಇವುಗಳನ್ನು ಪುಟದುದ್ದಕ್ಕೂ ಒಂದಕ್ಕೊಂದು ಬೆರೆಸದೆ ಬರೆದಿದ್ದಾರಲ್ಲ, ಅವರ ಮನೆಯಲ್ಲಿ ಆ ಯಂತ್ರ ಇದೆಯಾ?

ನಾದಿನಿ ನನ್ನ ಕಿವಿಯಲ್ಲಿ ಹೇಳಿದಳು. ನಾನು ನಾಚಿಕೆಯಿಂದ ಹೇಳಿದೆ: "ಯಂತ್ರ ಇಲ್ಲ ಸರ್. ನಿಘಂಟು ಇದೆ, ಅತ್ತಿಗೆ ಇದ್ದಾಳೆ ಅಂತ ಹೇಳ್ತಾಳೆ."

ಅವರು ಜೋರಾಗಿ ನಕ್ಕರು. "ನಮ್ಮದು ಬರೆಯುವ ಕೆಲಸ ಅಮ್ಮ. ದನಿ ಕಟ್ಟಿಕೊಂಡು ನಮಗೇನಾಗಬೇಕು? ಸೋಮವಾರ ಬೆಳಗಿನ ಮೊದಲ ಬಸ್ಸಿನಲ್ಲಿ ಮುಂದಿನ ಕಟ್ಟು ಇಡುತ್ತೇನೆ, ಇಳಿಸಿಕೊಳ್ಳಲು ಹೇಳಿ."

ಫೋನು ಇಟ್ಟು ತಿರುಗಿದರೆ ನಾದಿನಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಅತ್ತೆ ಬಾಗಿಲಲ್ಲಿ ನಿಂತು, "ಎಂತ ಅಂದ್ರ್?" ಎಂದರು.

"ಕೆಲ್ಸ ಕೊಟ್ರ್ ಅತ್ತೆ. ಸೋಮವಾರದಿಂದ."

ಅತ್ತೆ ಅಳಲಿಲ್ಲ, ನಗಲಿಲ್ಲ. "ಹಂಗಾರೆ ಸೋಮವಾರ ಬೇಗ ಗಂಜಿ ಬೇಯ್ಸ್," ಎಂದು ನನಗೆ ಹೇಳಿದರು. "ಕೆಲ್ಸಕ್ ಹೋಪರಿಗೆ ಹೊತ್ತಿಗ್ ಸಮ ಉಣ್ಕ್."

ಸೋಮವಾರ ನಾದಿನಿ ಬೇಗ ಮಿಂದು ಇಸ್ತ್ರಿ ಮಾಡಿದ ಸೀರೆ ಉಟ್ಟಳು. ಗಂಜಿ ಉಂಡು, ಮಲ್ಲಿಗೆ ಮುಡಿದು, ಅಡಿಗೆಮನೆಯಲ್ಲಿದ್ದ ತಾಯಿಯ ಎದುರು ಬಂದು ನಿಂತು, "ಹೋಯ್ ಬತ್ತೆ ಅಮ್ಮ," ಎಂದಳು. ಹೋಗುವುದು ಚಾವಡಿಯ ಮೇಜಿಗೆ.

"ಹೋಯ್ ಬಾ," ಎಂದರು ಅತ್ತೆ. "ಸಂಜಿ ತಡ ಮಾಡ್ಬೇಡ, ಮಾರಾಯ್ತಿ."